ಪ್ರಕೃತಿ ಕೇಂದ್ರದಲ್ಲಿ ಇಂಟರ್ನ್‌ಶಿಪ್: ದಾನಿಗಳಿಗೂ ಪಾಲಕರಿಗೂ ಒಂದು ವಿವರಣೆ



ಈ ವರ್ಷದ ವಿದ್ಯಾರ್ಥಿವೇತನದ ಪ್ರಕಟಣೆಯಲ್ಲಿ ಫೀ, ಪುಸ್ತಕ, ಹಾಸ್ಟೆಲ್ ಖರ್ಚುಗಳ ಕೆಳಗೆ ಒಂದು ಹೊಸ ಸಾಲು ಸೇರಿದೆ: ಪರಿಸರ ಶಿಕ್ಷಣದ ಇಂಟರ್ನ್‌ಶಿಪ್‌ಗೆ ಹೋಗುವ ವಿದ್ಯಾರ್ಥಿಗಳಿಗೆ ಪ್ರಯಾಣ ಮತ್ತು ಊಟದ ನೆರವು. ಇದನ್ನು ನೋಡಿ ದಾನಿಗಳು ಒಂದು ಪ್ರಶ್ನೆ ಕೇಳಿದ್ದಾರೆ. ಬಡ ಮಗುವಿನ ಫೀ ತುಂಬಬೇಕಾದ ಹಣವನ್ನು ಕಾಡು ತಿರುಗಲು ಕೊಡುವುದು ಸರಿಯೇ? ಪಾಲಕರು ಇನ್ನೊಂದು ಪ್ರಶ್ನೆ ಕೇಳಿದ್ದಾರೆ. ರಜೆಯಲ್ಲಿ ನಾಲ್ಕು ಕಾಸು ದುಡಿದು ತರುವ ಮಗನನ್ನು, ಹೊಲಿಗೆ ಯಂತ್ರದ ಮುಂದೆ ಕೂಡುವ ಮಗಳನ್ನು ಗಿಡ, ಹಕ್ಕಿ ನೋಡಲು ಕಳಿಸಿದರೆ ಮನೆಗೆ ಏನು ಸಿಕ್ಕೀತು? ಎರಡೂ ನ್ಯಾಯವಾದ ಪ್ರಶ್ನೆಗಳು. ಸಂಬಳವಿಲ್ಲದ ತರಬೇತಿ ಅನುಕೂಲಸ್ಥರ ಮಕ್ಕಳಿಗೆ ಸುಲಭ, ನಮ್ಮ ಮಕ್ಕಳಿಗೆ ದುಬಾರಿ. ಆದ್ದರಿಂದ ವಿಷಯವನ್ನು ಬುಡದಿಂದ ಹೇಳುವುದು ನಮ್ಮ ಕರ್ತವ್ಯ.

ಇಂಟರ್ನ್ ಎಂದರೆ ಯಾರು?

ನೆಹರು ನಗರದಲ್ಲಿ ಇರುವ ನಮಗೆ ಈ ಪದ ಹೊಸದಲ್ಲ. 1963ರಲ್ಲಿ ಆರಂಭವಾದ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜು ನಮ್ಮ ಬಡಾವಣೆಯಲ್ಲೇ ಇದೆ. ಬಿಳಿ ಕೋಟು ಹಾಕಿಕೊಂಡು ಆಸ್ಪತ್ರೆಗೆ ಓಡುವ ಇಂಟರ್ನ್‌ಗಳನ್ನು ದಿನವೂ ನೋಡುತ್ತೇವೆ. ಪುಸ್ತಕ ಓದಿ ಪರೀಕ್ಷೆ ಪಾಸಾದವರು ಒಂದು ವರ್ಷ ಹಿರಿಯರ ಕೈಕೆಳಗೆ ರೋಗಿಗಳನ್ನು ನೋಡಿದ ಮೇಲೆಯೇ ಸ್ವತಂತ್ರವಾಗಿ ಚಿಕಿತ್ಸೆ ಕೊಡಬಹುದು. ಶಿಕ್ಷಕರಿಗೂ ಹಾಗೆಯೇ. ಈಗಿನ ಎರಡು ವರ್ಷದ ಬಿ.ಇಡಿ. ಕೋರ್ಸಿನಲ್ಲಿ ಶಾಲೆಯೊಳಗಿನ ತರಬೇತಿಗೆ 20 ವಾರ ಮೀಸಲಿವೆ. ತರಗತಿಯ ಎದುರು ನಿಲ್ಲದೆ ಯಾರೂ ಮೇಷ್ಟ್ರಾಗುವುದಿಲ್ಲ.

ಪರಿಸರ ಶಿಕ್ಷಣದ ಇಂಟರ್ನ್‌ಶಿಪ್ ಕೂಡ ಇದೇ ಜಾತಿಯದು. ವಿದ್ಯಾರ್ಥಿಯು ಕೆಲವು ವಾರ ಒಂದು ಪ್ರಕೃತಿ ಕೇಂದ್ರ, ಮೃಗಾಲಯ ಅಥವಾ ಅರಣ್ಯ ಇಲಾಖೆಯ ಶಿಬಿರದಲ್ಲಿ ಅನುಭವಿ ಮಾರ್ಗದರ್ಶಕರ ಜೊತೆ ಇದ್ದು, ಅಲ್ಲಿಗೆ ಬರುವ ಶಾಲಾಮಕ್ಕಳಿಗೆ ಗಿಡ, ಹಕ್ಕಿ, ಹುಳು, ಹೊಳೆಗಳ ಬಗ್ಗೆ ಹೇಳಿಕೊಡುವುದನ್ನು ಕಲಿಯುತ್ತಾನೆ. ಮೊದಲ ದಿನಗಳಲ್ಲಿ ಹಿರಿಯರ ಹಿಂದೆ ನಡೆದು ನೋಡುವುದು, ಟಿಪ್ಪಣಿ ಬರೆಯುವುದು. ನಂತರ ಮಕ್ಕಳ ಒಂದು ಸಣ್ಣ ಗುಂಪನ್ನು ತಾನೇ ಕರೆದೊಯ್ಯುವುದು. ಕೊನೆಗೆ ಒಂದು ಪಾಠವನ್ನು ತಾನೇ ಸಿದ್ಧಪಡಿಸಿ ನಡೆಸಿ, ಅದು ಹೇಗಾಯಿತೆಂದು ವರದಿ ಬರೆಯುವುದು.

1977ರಲ್ಲಿ ಟಿಬಿಲಿಸಿ ನಗರದಲ್ಲಿ ಯುನೆಸ್ಕೋ ನಡೆಸಿದ ಸಮ್ಮೇಳನವು ಪರಿಸರ ಶಿಕ್ಷಣದ ಗುರಿಗಳನ್ನು ಐದು ಮಾತಿನಲ್ಲಿ ಹೇಳಿತು: ಅರಿವು, ಜ್ಞಾನ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ. ನಮ್ಮ ದೇಶದಲ್ಲಿ 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಶಿಕ್ಷಣದಲ್ಲಿ ಕಡ್ಡಾಯ ವಿಷಯವಾಗಿಸಲು ನಿರ್ದೇಶನ ಕೊಟ್ಟಿತು. ಹಾಗಾಗಿ ಪುಸ್ತಕ ಎಲ್ಲ ಮಕ್ಕಳ ಚೀಲದಲ್ಲೂ ಇದೆ. ಐದರಲ್ಲಿ ಮೊದಲಿನ ಎರಡು ಪುಸ್ತಕದಿಂದ ಬರಬಹುದು. ಉಳಿದ ಮೂರು ಬರಬೇಕಾದರೆ ಮಗು ಹೊರಗೆ ಹೋಗಬೇಕು, ಜೊತೆಗೆ ಹೇಳಿಕೊಡುವವರು ಒಬ್ಬರು ಇರಬೇಕು. ಆ ಹೇಳಿಕೊಡುವವರನ್ನು ತಯಾರು ಮಾಡುವುದೇ ಈ ತರಬೇತಿಯ ಕೆಲಸ.

ಎಲ್ಲಿ ಕಲಿಯಬಹುದು?

ಅಹಮದಾಬಾದಿನಲ್ಲಿ 1984ರಲ್ಲಿ ಆರಂಭವಾದ ಪರಿಸರ ಶಿಕ್ಷಣ ಕೇಂದ್ರವು (ಸಿಇಇ) ಈ ಕ್ಷೇತ್ರದಲ್ಲಿ ದೇಶಕ್ಕೆಲ್ಲ ಪರಿಚಿತ ಸಂಸ್ಥೆ. ಅದರ ದಕ್ಷಿಣ ಭಾರತದ ಕಚೇರಿ ಬೆಂಗಳೂರಿನಲ್ಲಿದೆ. ಮಲೆನಾಡಿನ ಆಗುಂಬೆಯಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ ಅವರು 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರವು ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾಗಿದೆ. ಮೈಸೂರಿನ ಮೃಗಾಲಯ 1892ರಷ್ಟು ಹಳೆಯದು. ಮಕ್ಕಳಿಗಾಗಿ ಬೇಸಿಗೆ ಶಿಬಿರಗಳನ್ನು ನಡೆಸುತ್ತ ಬಂದಿದೆ.

ಇವೆಲ್ಲ ದೂರದ ಮಾತು. ನಮ್ಮ ಬಗಲಿಗೇ ಬಂದರೆ, ಭೂತರಾಮನಹಟ್ಟಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯವಿದೆ. 2010ರಲ್ಲಿ ಸ್ಥಾಪನೆಯಾದ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವೂ ಅದೇ ಊರಿನಲ್ಲಿದೆ. ಖಾನಾಪುರದ ಕಡೆಗೆ ಹೋದರೆ ಭೀಮಗಡ ವನ್ಯಜೀವಿಧಾಮ. 2011ರ ಡಿಸೆಂಬರ್‌ನಲ್ಲಿ ಘೋಷಣೆಯಾದ ಇದರ ವಿಸ್ತಾರ ಸುಮಾರು 190 ಚದರ ಕಿಲೋಮೀಟರ್. ಅಲ್ಲಿಯ ಹೆಮ್ಮಡಗಾದಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಶಾಲಾಮಕ್ಕಳನ್ನು ಕಾಡಿಗೆ ಕರೆದೊಯ್ದು ತೋರಿಸುವ 'ಚಿಣ್ಣರ ವನ ದರ್ಶನ' ಎಂಬ ಕಾರ್ಯಕ್ರಮವನ್ನೂ ಇಲಾಖೆ ನಡೆಸುತ್ತದೆ.

ಒಂದು ಮಾತನ್ನು ಇಲ್ಲೇ ಸ್ಪಷ್ಟಪಡಿಸುತ್ತೇವೆ. ಸರ್ಕಾರಿ ಜಾಗದಲ್ಲಿ ತರಬೇತಿ ಬೇಕಾದರೆ ಕಾಲೇಜಿನ ಪ್ರಾಂಶುಪಾಲರ ಪತ್ರದೊಂದಿಗೆ ಸಂಬಂಧಿಸಿದ ಅಧಿಕಾರಿಯಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ವನ್ಯಜೀವಿಧಾಮದೊಳಗೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಟ್ರಸ್ಟ್ ಒಂದು ರೂಪಾಯಿಯನ್ನೂ ಬಿಡುಗಡೆ ಮಾಡುವುದಿಲ್ಲ.

ಖಾನಾಪುರದ ಕಾಡು ಏನು ಕಲಿಸುತ್ತದೆ?

ಬೆಳಗಾವಿಯ ಮಕ್ಕಳು ಹುಲಿ, ಆನೆ, ಡಾಲ್ಫಿನ್‌ಗಳ ಚಿತ್ರ ಬರೆಯುತ್ತಾರೆ. ತಮ್ಮ ತಾಲ್ಲೂಕಿನ ಪಕ್ಕದಲ್ಲೇ ಇರುವ ಒಂದು ಪ್ರಾಣಿಯ ಹೆಸರು ಬಹುಪಾಲು ಮಕ್ಕಳಿಗೆ ಗೊತ್ತಿರುವುದಿಲ್ಲ. ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಬಾವಲಿ ಎಂಬ ಒಂದು ಜಾತಿಯ ಬಾವಲಿ ಇದೆ. ಇಂಗ್ಲಿಷ್ ಅರಣ್ಯಾಧಿಕಾರಿ ರಾಟನ್ ಅವರ ಹೆಸರು ಹೊತ್ತಿರುವ ಇದನ್ನು 1913ರಲ್ಲಿ ವಿಜ್ಞಾನಿಗಳು ಮೊದಲ ಸಲ ವರ್ಣಿಸಿದರು. ಹಲವು ದಶಕಗಳ ಕಾಲ ಇಡೀ ಜಗತ್ತಿನಲ್ಲಿ ಇದು ಇದೊಂದೇ ಸ್ಥಳದಲ್ಲಿದೆ ಎಂದೇ ತಿಳಿಯಲಾಗಿತ್ತು. ಈಚೆಗೆ ಮೇಘಾಲಯದಲ್ಲಿ ಮತ್ತು ಕಾಂಬೋಡಿಯಾದಲ್ಲಿ ಕೂಡ ಕಂಡುಬಂದಿದೆ. ಹುಲಿಗೆ ಇರುವಂಥ ಕಾನೂನಿನ ರಕ್ಷಣೆಯೇ ಇದಕ್ಕೂ ಇದೆ.

ಈಗ ಒಬ್ಬ ಇಂಟರ್ನ್ ಈ ವಿಷಯದ ಮೇಲೆ ಐದನೇ ತರಗತಿಗೆ ಪಾಠ ಮಾಡಬೇಕೆಂದುಕೊಳ್ಳಿ. ಗುಹೆಗೆ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಗದ್ದಲಕ್ಕೆ ಬಾವಲಿಗಳು ಬೆದರಿ ಜಾಗ ಬಿಡುತ್ತವೆ. ಹಾಗಿದ್ದರೆ ಹೇಗೆ? ಜಗತ್ತಿನ ಅನೇಕ ಪ್ರಕೃತಿ ಕೇಂದ್ರಗಳಲ್ಲಿ ಒಂದು ಆಟ ಆಡಿಸುತ್ತಾರೆ. ಮಕ್ಕಳು ಕೈಕೈ ಹಿಡಿದು ವೃತ್ತವಾಗಿ ನಿಲ್ಲುತ್ತಾರೆ. ನಡುವೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಮಗು 'ಬಾವಲಿ', ಇನ್ನಿಬ್ಬರು 'ಪತಂಗ'. ಬಾವಲಿ ಕೂಗಿದಾಗಲೆಲ್ಲ ಪತಂಗಗಳು ಮರುಕೂಗಬೇಕು. ಆ ದನಿಯ ಜಾಡು ಹಿಡಿದು ಬಾವಲಿ ಅವುಗಳನ್ನು ಮುಟ್ಟಬೇಕು. ಹತ್ತು ನಿಮಿಷದ ಆಟ ಮುಗಿಯುವ ಹೊತ್ತಿಗೆ, ಕತ್ತಲಲ್ಲಿ ಬಾವಲಿ ತನ್ನ ದನಿಯ ಪ್ರತಿಧ್ವನಿಯಿಂದ ಬೇಟೆ ಹುಡುಕುತ್ತದೆ ಎಂಬ ಪಾಠ ಮಕ್ಕಳಿಗೆ ಹೇಳದೆಯೇ ತಿಳಿದಿರುತ್ತದೆ. ಆಮೇಲೆ, ಈ ಜಾತಿ ಹುಳುಗಳನ್ನು ತಿನ್ನುವುದು, ಹಣ್ಣು ತಿನ್ನುವ ಬಾವಲಿಗಳೇ ಬೇರೆ ಎಂದು ವಿವರಿಸಬಹುದು. ಬಾವಲಿ ಅಪಶಕುನ ಎಂಬ ಭಯ ಕರಗಲು ಇದಕ್ಕಿಂತ ಒಳ್ಳೆಯ ದಾರಿ ಶಿಕ್ಷಕ ವೃತ್ತಿಯಲ್ಲಿ ನಮಗೆ ಕಂಡಿಲ್ಲ.

ನೀರಿನ ಪಾಠವನ್ನೂ ಖಾನಾಪುರವೇ ಕಲಿಸುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯ ತುಂಬಿಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ತಾಲ್ಲೂಕಿನ ದೇಗಾಂವ ಬಳಿ ಹುಟ್ಟುವ ಮಹಾದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿ ಎಂಬ ಹೆಸರಿನಿಂದ ಪಣಜಿ ದಾಟಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ತಾಲ್ಲೂಕಿನ ಮಳೆ, ಎರಡು ಸಮುದ್ರ. ಇಂಟರ್ನ್ ಒಂದು ಮಣ್ಣಿನ ಗುಡ್ಡೆ ಮಾಡಿ, ನೆತ್ತಿಯ ಮೇಲೆ ತಂಬಿಗೆ ನೀರು ಸುರಿದು ತೋರಿಸಿದರೆ ಸಾಕು, ಜಲವಿಭಾಜಕ ಎಂಬ ಕಠಿಣ ಪದ ಮಕ್ಕಳ ಕಣ್ಣ ಮುಂದೆ ಹರಿಯುತ್ತದೆ. ಆ ಗುಡ್ಡೆಯ ಮೇಲೆ ಹುಲ್ಲು ಹೊದಿಸಿ ಮತ್ತೊಮ್ಮೆ ಸುರಿದರೆ ನೀರು ನಿಧಾನವಾಗಿ, ತಿಳಿಯಾಗಿ ಇಳಿಯುತ್ತದೆ. ನೀರಿಗೂ ಕಾಡಿಗೂ ಏನು ಸಂಬಂಧ ಎಂದು ನಂತರ ಮಕ್ಕಳೇ ಹೇಳುತ್ತಾರೆ. ಬೆಳಗಾವಿ ನಗರದ ನಲ್ಲಿಗೆ ನೀರು ಬರುವುದು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ಈ ನೀರು ಎಲ್ಲಿಂದ ಬರುತ್ತದೆ ಎಂದು ಬಲ್ಲ ಮಗು ವಜೂ ಮಾಡುವಾಗ ನಲ್ಲಿಯನ್ನು ಸಣ್ಣಗೆ ತಿರುಗಿಸುತ್ತದೆ. ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ವಜೂ ನೀರನ್ನು ಪೋಲು ಮಾಡಬಾರದು ಎಂಬ ಪ್ರವಾದಿಯವರ (ಸ) ಬೋಧನೆಯನ್ನು ನಮ್ಮ ಮಕ್ಕಳು ಮದರಸಾದಲ್ಲಿ ಕೇಳಿರುತ್ತಾರೆ. ಕೇಳಿದ್ದು ಹೀಗೆ ಕೈಗೆ ಇಳಿಯುತ್ತದೆ.

ನಮ್ಮ ಮಕ್ಕಳ ಬಳಿ ಇರುವ ಬಂಡವಾಳ

ಮನೆಯಲ್ಲಿ ಉರ್ದು, ಬೀದಿಯಲ್ಲಿ ಮರಾಠಿ, ಶಾಲೆ ಕಚೇರಿಗಳಲ್ಲಿ ಕನ್ನಡ. ಬೆಳಗಾವಿ, ಖಾನಾಪುರದ ನಮ್ಮ ಮಕ್ಕಳಿಗೆ ಇದು ದಿನನಿತ್ಯದ ಬದುಕು. ಪರೀಕ್ಷೆಯ ದೃಷ್ಟಿಯಿಂದ ಇದು ಹೊರೆ ಎಂದು ಪಾಲಕರು ಕೊರಗುವುದನ್ನು ಕೇಳಿದ್ದೇವೆ. ಪ್ರಕೃತಿ ಕೇಂದ್ರದಲ್ಲಿ ಇದೇ ದೊಡ್ಡ ಬಂಡವಾಳ. ಅಲ್ಲಿಗೆ ಒಂದು ದಿನ ಕನ್ನಡ ಶಾಲೆ ಬರುತ್ತದೆ, ಮರುದಿನ ಮರಾಠಿ ಶಾಲೆ, ಇನ್ನೊಂದು ದಿನ ಉರ್ದು ಶಾಲೆ. ಚೆನ್ನಾಗಿ ಓದಿದ ತಜ್ಞರಿಗೂ ಮೂರೂ ಭಾಷೆಯಲ್ಲಿ ಮಕ್ಕಳನ್ನು ನಗಿಸಲು ಬರುವುದಿಲ್ಲ.

ನೇರಳೆ ಮರದ ಕೆಳಗೆ ನಿಂತು 'ಇದು ಜಾಮೂನ್, ಇದೇ ಜಾಂಭೂಳ' ಎಂದು ಹೇಳಬಲ್ಲ ಹುಡುಗಿ ಮೂರು ಊರಿನ ಮಕ್ಕಳನ್ನು ಒಂದೇ ಮರಕ್ಕೆ ಪರಿಚಯಿಸುತ್ತಾಳೆ. ಹುಣಸೆ, ಇಮ್ಲಿ, ಚಿಂಚ. ಹಲಸು, ಕಟಹಲ್, ಫಣಸ. ಬಾವಲಿ, ಚಮಗಾದಡ್, ವಟವಾಘುಳ. ಅಜ್ಜಿಯರಿಂದ ಕೇಳಿದ ಈ ಹೆಸರುಗಳಿಗೆ ಇಲ್ಲಿ ಬೆಲೆ ಇದೆ. ಅರ್ಜಿದಾರರನ್ನು ಆಯ್ಕೆ ಮಾಡುವಾಗ ನಾವು ಅಂಕಪಟ್ಟಿಯ ಜೊತೆಗೆ ಇದನ್ನೂ ಗಮನಿಸುತ್ತೇವೆ.

ಸಲೀಂ ಅಲಿಯವರ ಉದಾಹರಣೆ

'ಇದು ನಮ್ಮಂಥವರ ಮಕ್ಕಳಿಗಲ್ಲ' ಎನ್ನುವವರಿಗೆ ಡಾ. ಸಲೀಂ ಅಲಿಯವರ ಬದುಕನ್ನು ನೆನಪಿಸುತ್ತೇವೆ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದರು. ಬಾಲಕನಿದ್ದಾಗ ತಾನು ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಜಾತಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿಯ ಕಾರ್ಯದರ್ಶಿ ಮಿಲ್ಲರ್ಡ್ ಎಂಬ ಇಂಗ್ಲಿಷ್ ಗೃಹಸ್ಥರು ಹುಡುಗನನ್ನು ಗದರಿಸಿ ಕಳಿಸಲಿಲ್ಲ. ಹಕ್ಕಿಗಳ ಸಂಗ್ರಹದ ಕಪಾಟುಗಳನ್ನು ತೆರೆದು ತೋರಿಸಿದರು, ಪುಸ್ತಕ ಕೊಟ್ಟರು, ಕೆಲಸ ಕಲಿಸಿದರು. ಇಂಟರ್ನ್‌ಶಿಪ್ ಎಂಬ ಹೆಸರು ಇಲ್ಲದಿದ್ದರೂ ನಡೆದದ್ದು ಅದೇ.

ಸಲೀಂ ಅಲಿಯವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. 1926ರಲ್ಲಿ ಸಿಕ್ಕ ಕೆಲಸವೆಂದರೆ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ಪ್ರಕೃತಿ ವಿಭಾಗದಲ್ಲಿ ಮಾರ್ಗದರ್ಶಿ ಉಪನ್ಯಾಸಕನದು, ಅಂದರೆ ನೋಡಲು ಬಂದವರಿಗೆ ಪ್ರಾಣಿಪಕ್ಷಿಗಳ ಬಗ್ಗೆ ವಿವರಿಸುವುದು. ನಮ್ಮ ವಿದ್ಯಾರ್ಥಿಗಳು ಕಲಿಯಹೊರಟಿರುವುದು ಇದೇ ವಿದ್ಯೆ. ಮುಂದೆ ಬರ್ಲಿನ್‌ಗೆ ಹೋಗಿ ಕಲಿತು 1930ರಲ್ಲಿ ಮರಳಿದಾಗ ಹಣದ ಕೊರತೆಯಿಂದ ಆ ಹುದ್ದೆಯೇ ಇರಲಿಲ್ಲ. ಆದರೂ ಬಿಡಲಿಲ್ಲ, ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ಕೈಗೊಂಡರು. ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದಾಗ ಅವರು ಒತ್ತಾಯಿಸಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1976ರಲ್ಲಿ ಪದ್ಮವಿಭೂಷಣ ಬಂತು. ಪ್ರತಿ ಇಂಟರ್ನ್ ಸಲೀಂ ಅಲಿ ಆಗುತ್ತಾನೆಂದು ನಾವು ಹೇಳುವುದಿಲ್ಲ. ಕಪಾಟು ತೆರೆದು ತೋರಿಸುವ ಒಬ್ಬರು ಸಿಗದಿದ್ದರೆ ಸಲೀಂ ಅಲಿ ಕೂಡ ಸಲೀಂ ಅಲಿ ಆಗುತ್ತಿರಲಿಲ್ಲ ಎಂಬುದಷ್ಟೇ ನಮ್ಮ ಮಾತು.

ಹಣದ ಪ್ರಶ್ನೆ

ಈ ತರಬೇತಿಗಳಲ್ಲಿ ಹೆಚ್ಚಿನವಕ್ಕೆ ಸಂಬಳ ಇರುವುದಿಲ್ಲ. ಬಸ್ಸಿನ ಚಾರ್ಜು, ಊಟ, ಕಾಲಿಗೆ ಬೂಟು, ಮಳೆಯ ಅಂಗಿ ವಿದ್ಯಾರ್ಥಿಯದೇ ಖರ್ಚು. ಉದ್ಯಮಬಾಗದ ಫೌಂಡ್ರಿಯಲ್ಲೋ ಗ್ಯಾರೇಜಿನಲ್ಲೋ ರಜೆಯಲ್ಲಿ ದುಡಿಯುವ ಹುಡುಗ ಆ ದಿನಗೂಲಿಯನ್ನೂ ಬಿಡಬೇಕು. ಆದ್ದರಿಂದ ಅವನು ಅರ್ಜಿಯನ್ನೇ ಹಾಕುವುದಿಲ್ಲ. ಅನುಕೂಲಸ್ಥರ ಮಗ ಹೋಗುತ್ತಾನೆ, ಪ್ರಮಾಣಪತ್ರ ತರುತ್ತಾನೆ, ಮುಂದಿನ ಪ್ರವೇಶದ ಸಂದರ್ಶನದಲ್ಲಿ ಹೇಳಲು ಅವನ ಬಳಿ ಮಾತಿರುತ್ತದೆ. ನಮ್ಮ ಹುಡುಗ ಅಷ್ಟೇ ಅಂಕ ತಂದಿದ್ದರೂ ಬಾಯಿ ಮುಚ್ಚಿ ಕೂತಿರುತ್ತಾನೆ. ಫೀ ತುಂಬಿ ಕಾಲೇಜಿನ ಬಾಗಿಲವರೆಗೆ ತಲುಪಿಸಿದ ಮಗು ಅಲ್ಲೇ ನಿಂತುಬಿಟ್ಟರೆ ತುಂಬಿದ ಫೀ ಅರ್ಧ ಫಲ ಕೊಟ್ಟಂತೆ. ಈ ಅಂತರ ಮುಚ್ಚಲೆಂದೇ ಹೊಸ ನೆರವು.

ಜಕಾತ್ ಬಗ್ಗೆ ದಾನಿಗಳಿಗೆ ಅನುಮಾನ ಬೇಡ. ಜಕಾತ್ ಹಣ ಅರ್ಹ ಕುಟುಂಬದ ವಿದ್ಯಾರ್ಥಿಯ ಕೈಗೇ ಸೇರಬೇಕು, ಅವನ ಸ್ವಂತದ್ದಾಗಬೇಕು. ಯಾವುದೇ ಕೇಂದ್ರಕ್ಕೆ, ವಾಹನಕ್ಕೆ, ಸಲಕರಣೆಗೆ, ಸಮಾರಂಭಕ್ಕೆ ಅದನ್ನು ನಾವು ಬಳಸುವುದಿಲ್ಲ. ಅಂಥ ಸಾಮಾನ್ಯ ಖರ್ಚು ಸದಕಾ ಮತ್ತು ಲಿಲ್ಲಾಹ್ ನಿಧಿಯಿಂದ ಮಾತ್ರ. ಎರಡೂ ನಿಧಿಗಳ ಲೆಕ್ಕ ಬೇರೆ ಬೇರೆ ಇರುತ್ತದೆ. ಈ ಬಗ್ಗೆ ತಮ್ಮ ಮೊಹಲ್ಲಾದ ಆಲಿಮರನ್ನು ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಫೀ ನೆರವಿನ ಹಣವನ್ನು ಕಡಿತಗೊಳಿಸಿ ಇದಕ್ಕೆ ಕೊಡುವುದೂ ಇಲ್ಲ. ಮೊದಲು ಫೀ, ನಂತರವೇ ಇದು.

ಪ್ರವಾದಿಯವರು (ಸ) ಗಿಡ ನೆಡುವುದನ್ನು ಸದಕಾ ಎಂದು ಬೋಧಿಸಿದ್ದಾರೆ. ಅದರ ಹಣ್ಣನ್ನು ಮನುಷ್ಯ ತಿಂದರೂ ಹಕ್ಕಿ ತಿಂದರೂ ನೆಟ್ಟವನಿಗೆ ಪುಣ್ಯ. ತರಬೇತಿ ಪಡೆದ ಒಬ್ಬ ವಿದ್ಯಾರ್ಥಿಯಿಂದ ಹಲವು ಮಕ್ಕಳು ಕಲಿಯುವುದೂ ಅಂಥದ್ದೇ ಎಂದು ನಾವು ನಂಬುತ್ತೇವೆ. ಅದಕ್ಕಾಗಿಯೇ ಒಂದು ಷರತ್ತು ಇಟ್ಟಿದ್ದೇವೆ: ನೆರವು ಪಡೆದವರು ಮರಳಿ ಬಂದ ಮೇಲೆ ತಮ್ಮ ಹತ್ತಿರದ ಒಂದು ಉರ್ದು, ಕನ್ನಡ ಅಥವಾ ಮರಾಠಿ ಶಾಲೆಯಲ್ಲಿ ಮಕ್ಕಳಿಗೆ ಪ್ರಕೃತಿ ಪಾಠ ನಡೆಸಿ ಟ್ರಸ್ಟಿಗೆ ವರದಿ ಕೊಡಬೇಕು. ಇದಕ್ಕೆ ಕಾಡೇ ಬೇಕೆಂದಿಲ್ಲ. ಶಾಲೆಯ ಅಂಗಳದ ಬೇವಿನ ಮರವೊಂದನ್ನು ಆರಿಸಿ, ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟಿವೆ ಎಂದು ಬರೆದಿಡಬಹುದು. 'ಸೀಸನ್‌ವಾಚ್' ಎಂಬ ಯೋಜನೆಯಲ್ಲಿ ದೇಶದ ಹಲವು ಶಾಲೆಗಳ ಮಕ್ಕಳು ಇದನ್ನೇ ಮಾಡುತ್ತಾರೆ. ಮರಗಳ ಕಾಲಮಾನ ಹೇಗೆ ಬದಲಾಗುತ್ತಿದೆ ಎಂದು ತಿಳಿಯಲು ವಿಜ್ಞಾನಿಗಳಿಗೆ ಆ ಟಿಪ್ಪಣಿ ನೆರವಾಗುತ್ತದೆ.

ಪಾಲಕರು ಕೇಳುವ ಮಾತುಗಳು

ನೌಕರಿ ಸಿಗುತ್ತದೆಯೇ? ಇದು ನೌಕರಿಯ ಭರವಸೆ ಅಲ್ಲ. ಮುಂದೆ ಬಿ.ಇಡಿ. ಮಾಡುವವರಿಗೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿರಸಿ ಅರಣ್ಯ ಕಾಲೇಜಿಗೆ ಹೋಗಬಯಸುವವರಿಗೆ, ಜೀವಶಾಸ್ತ್ರದಲ್ಲಿ ಮುಂದೆ ಓದುವವರಿಗೆ ಇದು ಒಳ್ಳೆಯ ತಳಪಾಯ. ನಾಲ್ಕು ಜನರ ಎದುರು ಹೆದರದೆ ಮಾತಾಡುವ ಅಭ್ಯಾಸ ಯಾವ ಕೆಲಸಕ್ಕೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಹೆಣ್ಣುಮಕ್ಕಳನ್ನು ಕಳಿಸಬಹುದೇ? ಕಳಿಸಬೇಕೆಂದೇ ನಮ್ಮ ವಿನಂತಿ. ಮನೆಯಿಂದ ಹೋಗಿ ಸಂಜೆಯೊಳಗೆ ಮರಳುವ ತರಬೇತಿಗೆ ಮೊದಲ ಆದ್ಯತೆ. ಮಹಿಳಾ ಮೇಲ್ವಿಚಾರಕರು ಇರುವ, ಜೊತೆಗೆ ಇನ್ನೊಬ್ಬ ವಿದ್ಯಾರ್ಥಿನಿ ಇರುವ ಕಡೆಗೆ ಮಾತ್ರ ಶಿಫಾರಸು ಮಾಡುತ್ತೇವೆ. ಪಾಲಕರು ಮೊದಲು ಹೋಗಿ ಜಾಗ ನೋಡಿ ಬರಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲದಿರುವುದರಿಂದ ಖಾನಾಪುರಕ್ಕೆ ಹೋಗಿಬರುವ ಖರ್ಚೂ ಉಳಿಯುತ್ತದೆ.

ನಮಾಜು, ಊಟ, ರೋಜಾ? ಜೊಹರ್ ಮತ್ತು ಅಸರ್ ನಮಾಜಿಗೆ ಸಮಯ, ಜಾಗ ಬೇಕೆಂದು ನಮ್ಮ ಪತ್ರದಲ್ಲೇ ಬರೆಯುತ್ತೇವೆ. ಊಟದ ಡಬ್ಬಿ ಮನೆಯಿಂದ ಒಯ್ಯಬಹುದು. ರಮಜಾನ್ ತಿಂಗಳಲ್ಲಿ ಯಾರನ್ನೂ ಕಳಿಸುವುದಿಲ್ಲ.

ಅಪಾಯ? ಖಾನಾಪುರದ ಕಾಡಂಚಿನಲ್ಲಿ ಮಳೆಗಾಲ ಬಿರುಸು, ಹಳ್ಳಗಳು ದಿಢೀರನೆ ತುಂಬುತ್ತವೆ. ಆ ದಿನಗಳಲ್ಲಿ ಹೊರಗಿನ ನಡಿಗೆ ಬೇಡ. ಒಣ ತಿಂಗಳುಗಳಲ್ಲಿ ಉಣ್ಣೆಗಳ ಬಗ್ಗೆ ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆ ಕಡಿತದಿಂದ. ತುಂಬು ತೋಳಿನ ಅಂಗಿ, ಸಾಕ್ಸಿನೊಳಗೆ ಸೇರಿಸಿದ ಪೈಜಾಮ ಅಥವಾ ಪ್ಯಾಂಟು, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಕಸ ಗುಡಿಸಲು ಹಚ್ಚಿದರೆ? ಕೇಂದ್ರದವರು ಏನು ಕಲಿಸುತ್ತಾರೆ, ಯಾರು ಮಾರ್ಗದರ್ಶಕರು, ದಿನಕ್ಕೆ ಎಷ್ಟು ತಾಸು ಎಂಬುದನ್ನು ಮೊದಲೇ ಬರೆದು ಕೊಡಬೇಕು. ಕೆಲಸದಲ್ಲಿ ಸಣ್ಣದು ದೊಡ್ಡದು ಇಲ್ಲ. ಪಂಜರ ತೊಳೆಯುವುದೂ ಕಲಿಕೆಯೇ. ಆದರೆ ಇಡೀ ಅವಧಿ ಕಚೇರಿಯ ಚಹಾ ತರುವುದರಲ್ಲೇ ಕಳೆಯುತ್ತಿದ್ದರೆ ಕೂಡಲೇ ನಮಗೆ ತಿಳಿಸಿ. ಮಗುವನ್ನು ಮರಳಿ ಕರೆಸುತ್ತೇವೆ.

ಅರ್ಜಿ ಸಲ್ಲಿಸುವವರಿಗೆ ಸೂಚನೆ

ಪಿಯುಸಿ ಮುಗಿಸಿ ಪದವಿ, ಡಿ.ಇಡಿ. ಅಥವಾ ಬಿ.ಇಡಿ. ಓದುತ್ತಿರುವವರು ಅರ್ಜಿ ಹಾಕಬಹುದು. ವಿಜ್ಞಾನವೇ ಓದಿರಬೇಕೆಂಬ ನಿಯಮವಿಲ್ಲ. ಅರ್ಜಿಯ ಜೊತೆ ಹಿಂದಿನ ವರ್ಷದ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ರಾಂಶುಪಾಲರ ಪತ್ರ, ಪಾಲಕರ ಸಹಿ ಇರುವ ಒಪ್ಪಿಗೆ ಪತ್ರ ಲಗತ್ತಿಸಬೇಕು. ಇವುಗಳೊಂದಿಗೆ ವಿದ್ಯಾರ್ಥಿಯು ತನ್ನ ಮನೆಯ ಸುತ್ತ ಒಂದು ವಾರ ಕಂಡ ಗಿಡ, ಹಕ್ಕಿ, ಹುಳುಗಳ ಬಗ್ಗೆ ತನ್ನ ಕೈಯಾರೆ ಒಂದು ಪುಟ ಬರೆದು ಕೊಡಬೇಕು. ಕನ್ನಡ, ಉರ್ದು, ಮರಾಠಿ ಯಾವ ಭಾಷೆಯಾದರೂ ಸರಿ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಗಾತ್ರ, ದನಿ ಬರೆದರೆ ಸಾಕು. ಮೊಬೈಲಿನಿಂದ ನಕಲು ಮಾಡಿದ ಪುಟ ನಮಗೆ ಬೇಡ. ನೋಡಿ ಬರೆದ ನಾಲ್ಕು ಸಾಲು ಸಾಕು. ಅರ್ಜಿ ನಮೂನೆ ಟ್ರಸ್ಟಿನ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ.

ದಾನಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ನಿಮ್ಮ ರಸೀದಿಯ ಮೇಲೆ ಈ ಉದ್ದೇಶಕ್ಕೆ ಎಂದು ಬರೆಸಿದರೆ ಹಣ ಇದಕ್ಕೇ ಹೋಗುತ್ತದೆ. ಬೇಡವೆಂದರೆ ಫೀ ನೆರವಿಗೇ ಸೇರುತ್ತದೆ. ಮುಂದಿನ ವರ್ಷದ ವರದಿಯಲ್ಲಿ ಯಾರು ಎಲ್ಲಿ ಕಲಿತರು, ಯಾವ ಶಾಲೆಯಲ್ಲಿ ಕಲಿಸಿದರು, ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇವೆ, ಇನ್‌ಷಾ ಅಲ್ಲಾಹ್. ನಿಮ್ಮ ದಾನವನ್ನೂ ಮಕ್ಕಳ ಶ್ರಮವನ್ನೂ ಅಲ್ಲಾಹನು ಸ್ವೀಕರಿಸಲಿ. ಆಮೀನ್.